ತವರಿನ ಪಾಣಿಯಲ್ಲಿ ನಿಮ್ಮ ಹೆಸರು: ಸಹಿ ಮಾಡುವ ಮೊದಲು ಏನೇನು ಮಾಡಬೇಕು

ಅಪ್ಪ ತೀರಿಕೊಂಡು ವರ್ಷ ತುಂಬುವಷ್ಟರಲ್ಲಿ ಹೊಲದ ಕಾಗದದ ಮಾತು ಬರುತ್ತದೆ. ಅಣ್ಣ-ತಮ್ಮಂದಿರು ತವರಿಗೆ ಕರೆಸುತ್ತಾರೆ, ಹೋಳಿಗೆ ಊಟ ಹಾಕಿ ಉಡಿ ತುಂಬುತ್ತಾರೆ. ಆಮೇಲೆ "ಅಕ್ಕಾ, ಇಲ್ಲೊಂದು ಸಹಿ ಮಾಡು" ಅಂತ ಕಾಗದ ಮುಂದಿಡುತ್ತಾರೆ. ಸಿಂಧನೂರಿನ ತಹಶೀಲ್ ಕಚೇರಿ ಹೊರಗೆ ಮೇಜು ಹಾಕಿಕೊಂಡು ಅರ್ಜಿ ಬರೆಯುವುದು ನನ್ನ ಕೆಲಸ. ನನ್ನ ಮುಂದೆ ಬಂದು ಕೂರುವ ಹೆಣ್ಣುಮಕ್ಕಳಲ್ಲಿ ಆ ಸಹಿ ಮಾಡಿ ಬಂದವರೇ ಹೆಚ್ಚು. ಸಹಿಗೆ ಮುಂಚೆ ಬಂದು ಕೇಳುವವರು ಕಡಿಮೆ. ಅಂಥವರು ಹೆಚ್ಚಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಾನು ಎಲ್ಲರಿಗೂ ಹೇಳುವುದು ಒಂದೇ: ಮೊದಲು ಪಾಣಿಯಲ್ಲಿ, ಅಂದರೆ ಹೊಲದ ಮಾಲೀಕರ ಹೆಸರಿರುವ ಕಂದಾಯದ ದಾಖಲೆಯಲ್ಲಿ, ಹೆಸರು ಏರಲಿ, ಕೊಡುವುದು ಬಿಡುವುದು ಆಮೇಲೆ. ಅಣ್ಣನ ಮೇಲೆ ಜೀವ ಇಟ್ಟುಕೊಂಡವರಿಗೂ, ಹೊಲ ತನಗೆ ಬೇಡವೇ ಬೇಡ ಅನ್ನುವವರಿಗೂ ಇದೇ ಮಾತು. ಹೆಸರೇ ಇಲ್ಲದವಳು ಕೊಟ್ಟದ್ದನ್ನು ಯಾರೂ ಕೊಟ್ಟದ್ದು ಅಂತ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ.

ನಿಮ್ಮ ಹಕ್ಕು ಎಷ್ಟು

2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ಪ್ರಕಾರ, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳೂ ಮಗನಂತೆ ಹುಟ್ಟಿನಿಂದಲೇ ಪಾಲುದಾರಳು. ಮದುವೆಯಾಗಿದ್ದರೂ ಅಷ್ಟೇ, ಆಗದಿದ್ದರೂ ಅಷ್ಟೇ. "ಲಗ್ನ ಆದ ಹೆಣ್ಮಕ್ಕಳಿಗೆ ಪಾಲು ಬರಂಗಿಲ್ಲ" ಅಂತ ಹಿರಿಯರು ಈಗಲೂ ಹೇಳುತ್ತಾರೆ. ಆ ಮಾತಿಗೂ ಒಂದು ಮೂಲ ಇದೆ. 1994ರಲ್ಲಿ ನಮ್ಮ ರಾಜ್ಯ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟ ತಿದ್ದುಪಡಿ ತಂದಾಗ, ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕಾಯ್ದೆ ಬಂದ ಮೇಲೆ ಆ ಭೇದ ಉಳಿಯಲಿಲ್ಲ, ಮಾತು ಮಾತ್ರ ಊರಲ್ಲಿ ಉಳಿದಿದೆ.

ಇನ್ನೊಂದು ಮಾತೂ ಕೇಳಿಬರುತ್ತದೆ, "ಅಪ್ಪ 2005ಕ್ಕೂ ಮೊದಲೇ ಸತ್ತಾನ, ನಿನಗೇನೂ ಇಲ್ಲ" ಅಂತ. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿದೆ: ಕಾಯ್ದೆ ಜಾರಿಗೆ ಬಂದ ದಿನ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ. ಆದರೆ 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ಕ್ರಮಬದ್ಧವಾಗಿ ಮಾರಾಟವಾದ, ಭಾಗವಾದ ಆಸ್ತಿಯನ್ನು ಮತ್ತೆ ಕೆದಕಲು ಬರುವುದಿಲ್ಲ. ಆ ತಾರೀಖನ್ನು ನೆನಪಿಡಿ.

ಅಪ್ಪ ತಾನೇ ದುಡಿದು ಖರೀದಿಸಿದ ಹೊಲದ ಲೆಕ್ಕ ಬೇರೆ. ಅವರು ಬದುಕಿರುವ ತನಕ ಅದು ಅವರದೇ. ಯಾರಿಗೆ ಬೇಕಾದರೂ ಕೊಡಬಹುದು, ವಿಲ್ ಬರೆಯಬಹುದು, ಅಲ್ಲಿ ಮಗಳೂ ಕೇಳುವಂತಿಲ್ಲ, ಮಗನೂ ಕೇಳುವಂತಿಲ್ಲ. ವಿಲ್ ಬರೆಯದೆ ಹೋದರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ಅಪ್ಪನ ತಾಯಿ, ಎಲ್ಲರಿಗೂ ಸಮಪಾಲು. ಆರು ಎಕರೆ ಹೊಲ, ಅವ್ವ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು ಅಂತಿಟ್ಟುಕೊಳ್ಳಿ. ಆರು ಎಕರೆ ಅಂದರೆ 240 ಗುಂಟೆ, ಐದು ಪಾಲು, ತಲಾ 48 ಗುಂಟೆ. ಒಂದು ಎಕರೆ ಎಂಟು ಗುಂಟೆ ನಿಮ್ಮದು, ಅಷ್ಟೇ ಅವ್ವನದು. ಅವ್ವನ ಪಾಲನ್ನು ಮರೆತೇಬಿಡುವವರು ಬಹಳ. ನನಗೆ ಹೆಚ್ಚು ಸಂಕಟವಾಗುವುದು ಅಲ್ಲೇ, ಯಾಕೆಂದರೆ ಆ ಹೊಲದಲ್ಲಿ ಕಳೆ ತೆಗೆದು ಸಸಿ ನಾಟಿದವಳು ಅವಳು.

ನಮ್ಮ ಭಾಗದಲ್ಲಿ ಯಾರಿಗೆ ಯಾವ ಕಾನೂನು ಅನ್ನುವುದನ್ನೂ ನೋಡಬೇಕು. ಈ ಕಾಯ್ದೆಯಲ್ಲಿ ವೀರಶೈವ, ಲಿಂಗಾಯತ ಅಂತ ಹೆಸರು ಹಿಡಿದೇ ಬರೆದಿದೆ. ಬೌದ್ಧ, ಜೈನ, ಸಿಖ್ಖರಿಗೂ ಇದೇ ಅನ್ವಯ. ಮುಸ್ಲಿಂ ಹೆಣ್ಣುಮಕ್ಕಳಿಗೆ ಅವರ ವೈಯಕ್ತಿಕ ಕಾನೂನಿನಂತೆ ಪಾಲು ಉಂಟು, ಮಗನ ಪಾಲಿನ ಅರ್ಧ. ಪರಿಶಿಷ್ಟ ಪಂಗಡದವರಿಗೆ, ಅಂದರೆ ನಮ್ಮಲ್ಲಿ ದೊಡ್ಡ ಸಂಖ್ಯೆಯಲ್ಲಿರುವ ನಾಯಕ ಸಮುದಾಯಕ್ಕೆ, ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸದ ಹೊರತು ಈ ಕಾಯ್ದೆ ನೇರವಾಗಿ ಹತ್ತುವುದಿಲ್ಲ. ಹಾಗಂತ ಕೈ ಬಿಡಬೇಡಿ. 2025ರ ಜುಲೈಯಲ್ಲಿ ಛತ್ತೀಸಗಢದ ಒಂದು ಬುಡಕಟ್ಟು ಕುಟುಂಬದ ಪ್ರಕರಣದಲ್ಲಿ, ಹೆಣ್ಣು ಅನ್ನುವ ಕಾರಣಕ್ಕೆ ಪಾಲು ತಪ್ಪಿಸುವುದು ಸಮಾನತೆಯ ಹಕ್ಕಿಗೆ ವಿರುದ್ಧ ಅಂತ ಸುಪ್ರೀಂ ಕೋರ್ಟ್ ಹೇಳಿದೆ. ನಾಯಕ ಸಮುದಾಯದ ಅಕ್ಕ-ತಂಗಿಯರು ನನ್ನಂಥವರ ಹತ್ತಿರ ನಿಲ್ಲದೆ ಮೊದಲೇ ವಕೀಲರನ್ನು ಕಾಣುವುದು ಒಳ್ಳೆಯದು.

ಕಾಗದ ಕೂಡಿಸುವುದು

ಮೊದಲು ಸರ್ವೆ ನಂಬರ್ ಬೇಕು. ಅದು ಗೊತ್ತಿಲ್ಲದೆ ಬರುವವರೇ ಜಾಸ್ತಿ, "ನಾಲಿ ಬಾಜೂಕ ಐತ್ರಿ ಹೊಲ" ಅಂತಾರೆ. ಅಪ್ಪನ ಹಳೆಯ ಸೊಸೈಟಿ ಸಾಲದ ಪುಸ್ತಕ, ಕಂದಾಯದ ರಸೀದಿ, ಯಾವುದಾದರೊಂದರಲ್ಲಿ ನಂಬರ್ ಇರುತ್ತದೆ. ನಂಬರ್ ಸಿಕ್ಕರೆ ಕಂದಾಯ ಇಲಾಖೆಯ "ಭೂಮಿ" ಜಾಲತಾಣದಲ್ಲಿ ಮೊಬೈಲಿನಲ್ಲೇ ಪಾಣಿ ನೋಡಬಹುದು. ಯಾರನ್ನೂ ಕೇಳಬೇಕಿಲ್ಲ, ಅಣ್ಣನಿಗೂ ಹೇಳಬೇಕಿಲ್ಲ.

ಪಾಣಿ ಕೈಗೆ ಬಂದಾಗ ಮೂರು ಕಡೆ ಕಣ್ಣು ಹಾಯಿಸಿ. 9ನೇ ಕಾಲಂನಲ್ಲಿ ಮಾಲೀಕರ ಹೆಸರು ಮತ್ತು ಪ್ರತಿಯೊಬ್ಬರ ವಿಸ್ತೀರ್ಣ ಇರುತ್ತದೆ. 10ರಲ್ಲಿ ಆ ಹೆಸರು ಹೇಗೆ ಬಂತು ಅನ್ನುವುದು, ಎಂಆರ್ (ಖಾತೆ ಬದಲಾವಣೆಯ ದಾಖಲೆ) ನಂಬರ್ ಸಹಿತ. 11ರಲ್ಲಿ ಸಾಲ, ಕೋರ್ಟ್ ತಡೆ, ಇತರೆ ಹಕ್ಕು. 10ನೇ ಕಾಲಂನ ಎಂಆರ್ ನಂಬರ್ ಬರೆದುಕೊಂಡು ತಹಶೀಲ್ ಕಚೇರಿಯಲ್ಲಿ ಅದರ ನಕಲು ಕೇಳಿ. ಹೊಲ ಅಜ್ಜನಿಂದ ಬಂದದ್ದೋ, ಅಪ್ಪ ಖರೀದಿಸಿದ್ದೋ, ಯಾವಾಗ ಯಾರ ಸಹಿಯಿಂದ ಬದಲಾಯಿತೋ, ಎಲ್ಲ ಅಲ್ಲಿ ತಿಳಿಯುತ್ತದೆ. ಜೊತೆಗೆ ಸಬ್ ರಿಜಿಸ್ಟ್ರಾರ್ ಕಚೇರಿಯ ಇಸಿ, ಅಂದರೆ ಋಣಭಾರ ಪತ್ರ, ತೆಗೆಸಿ, ಮಾರಾಟವೋ ಅಡಮಾನವೋ ನೋಂದಣಿಯಾಗಿದ್ದರೆ ಕಾಣುತ್ತದೆ. ಅಪ್ಪನ ಮರಣ ಪ್ರಮಾಣಪತ್ರ, ನಿಮ್ಮ ಆಧಾರ್, ಅಪ್ಪನ ಹೆಸರಿರುವ ನಿಮ್ಮ ಶಾಲೆಯ ಟಿಸಿ ಇಟ್ಟುಕೊಳ್ಳಿ. ಮದುವೆಯಾದ ಮೇಲೆ ಎಲ್ಲ ಕಡೆ ಗಂಡನ ಹೆಸರೇ ಬಂದಿರುತ್ತದಲ್ಲ, ನೀವು ಇಂಥವರ ಮಗಳು ಅಂತ ತೋರಿಸಲು ಆ ಹಳೇ ಟಿಸಿ ಬಹಳ ಕೆಲಸಕ್ಕೆ ಬರುತ್ತದೆ.

ವಂಶಾವಳಿ

ತೀರಿಕೊಂಡವರಿಗೆ ವಾರಸುದಾರರು ಯಾರು ಯಾರು ಅಂತ ತೋರಿಸುವ ಕಾಗದ ಇದು. ಹೆಣ್ಣುಮಕ್ಕಳು ಮಾಯವಾಗುವುದು ಈ ಕಾಗದದಲ್ಲಿ. ಕವಿತಾಳದ ಕಡೆಯ ಒಬ್ಬ ಅಕ್ಕ ಒಂದು ವಂಶಾವಳಿಯ ನಕಲು ತಂದಿದ್ದರು. ಮೇಲೆ ಅಪ್ಪನ ಹೆಸರು, ಪಕ್ಕದಲ್ಲಿ "ಮೃತ" ಅಂತ. ಅಲ್ಲಿಂದ ಮೂರು ಗೆರೆ ಕೆಳಗಿಳಿದು ಮೂವರು ಗಂಡುಮಕ್ಕಳು. ಆಕೆಯದಾಗಲಿ, ಆಕೆಯ ತಂಗಿಯದಾಗಲಿ ಹೆಸರಿಲ್ಲ. ಕೆಳಗೆ ಊರಿನ ಪಂಚರ ಸಹಿಗಳು. ಅದರಲ್ಲಿ ಒಂದು ಸಹಿ ಆಕೆಯ ಸೋದರಮಾವನದು, ಆಕೆಯನ್ನು ಎತ್ತಿ ಆಡಿಸಿದವರು. ಆಕೆ ಅಳಲಿಲ್ಲ. ಆ ಸಹಿಯ ಮೇಲೆ ಬೆರಳಿಟ್ಟು, "ಮಾವಗ ನಾ ಹುಟ್ಟಿದ್ದು ಗೊತ್ತಿಲ್ಲೇನ್ರೀ?" ಅಂತ ಕೇಳಿದರು.

ವಂಶಾವಳಿಗೆ ಅರ್ಜಿ ಹಾಕುವುದು ನಾಡ ಕಚೇರಿಯಲ್ಲಿ. ಗ್ರಾಮ ಆಡಳಿತ ಅಧಿಕಾರಿ ಊರಿಗೆ ಬಂದು ವಿಚಾರಿಸುತ್ತಾರೆ, ಪಂಚನಾಮೆ ಮಾಡುತ್ತಾರೆ. ಈಗ ಇ-ಪೌತಿ ಅಂತ ಮನೆ ಬಾಗಿಲಿಗೇ ಬಂದು ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡುತ್ತಿದ್ದಾರೆ. ಒಳ್ಳೆಯ ಕೆಲಸ. ಆದರೆ ಅವರು ಬಾಗಿಲಿಗೆ ಬಂದ ದಿನ ಮನೆಯಲ್ಲಿರುವುದು ಗಂಡುಮಕ್ಕಳು, ಹೆಣ್ಣುಮಕ್ಕಳು ಗಂಡನ ಮನೆಯಲ್ಲಿರುತ್ತಾರೆ. ಆದ್ದರಿಂದ ನೀವೇ ಮುಂದಾಗಿ ಗ್ರಾಮ ಆಡಳಿತ ಅಧಿಕಾರಿಗೆ ಒಂದು ಅರ್ಜಿ ಕೊಡಿ: "ಇಂಥ ಸರ್ವೆ ನಂಬರಿನ ಖಾತೆದಾರರಾದ ಇಂಥವರಿಗೆ ನಾನು ಮಗಳು, ನನ್ನನ್ನು ಬಿಟ್ಟು ವಂಶಾವಳಿ ಅಥವಾ ಪೌತಿ ಖಾತೆ ಮಾಡಬಾರದು." ಎರಡು ಪ್ರತಿ ಒಯ್ದು, ಒಂದರ ಮೇಲೆ ತಾರೀಖು, ಸೀಲು, ಸಹಿ ಹಾಕಿಸಿಕೊಂಡು ಬನ್ನಿ. ಸ್ವೀಕೃತಿ ಇಲ್ಲದ ಅರ್ಜಿ ಕೊಟ್ಟೂ ಕೊಡದಂತೆಯೇ. ಅದರ ಇನ್ನೊಂದು ಪ್ರತಿ ತಹಶೀಲ್ದಾರರ ಕಚೇರಿಯ ಟಪಾಲಿಗೂ ಹೋಗಲಿ.

ಅಣ್ಣಂದಿರು ಆಗಲೇ ಪೌತಿಗೆ ಹಾಕಿದ್ದರೆ, ನೋಟಿಸಿನ ಅವಧಿ ಮುಗಿಯುವುದರೊಳಗೆ ತಕರಾರು ಅರ್ಜಿ ಕೊಡಬೇಕು. ಆಗ ಅದು ತಕರಾರು ಪ್ರಕರಣವಾಗಿ ವಿಚಾರಣೆಗೆ ಬರುತ್ತದೆ. ಖಾತೆ ಆಗಿಯೇ ಹೋಗಿದ್ದರೆ ಕರ್ನಾಟಕ ಭೂ ಕಂದಾಯ ಕಾಯ್ದೆಯ 136ನೇ ಕಲಂ ಪ್ರಕಾರ ಉಪವಿಭಾಗದ ಎಸಿ (ಸಹಾಯಕ ಆಯುಕ್ತರು) ಅವರಲ್ಲಿ ಮೇಲ್ಮನವಿ, ನಮ್ಮ ಸಿಂಧನೂರಿನವರಿಗೆ ಅದು ಲಿಂಗಸುಗೂರು. ಒಂದು ಧೈರ್ಯ ಹೇಳುತ್ತೇನೆ, ಪಾಣಿಯಲ್ಲಿ ಅಣ್ಣನೊಬ್ಬನ ಹೆಸರು ಕೂತ ಮಾತ್ರಕ್ಕೆ ನಿಮ್ಮ ಪಾಲು ಹೋಗುವುದಿಲ್ಲ. ಪಾಣಿ ಕಂದಾಯದ ದಾಖಲೆ, ಹಕ್ಕನ್ನು ತೀರ್ಮಾನಿಸುವುದು ಸಿವಿಲ್ ಕೋರ್ಟ್.

ಸಹಿ

ಸಹಿಗೆ ಕರೆದರೆ ಒಲ್ಲೆ ಅನ್ನುವುದು ಕಷ್ಟ ಅಂತ ಗೊತ್ತು. ಹಾಗಾದರೆ "ಕಾಗದದ ಒಂದು ನಕಲು ಕೊಡು, ಮನೆಯಾಗ ತೋರಿಸಿ ನಾಳೆ ಹೇಳ್ತೀನಿ" ಅನ್ನಿ. ಒಳ್ಳೆಯ ಮನಸ್ಸಿನ ಅಣ್ಣ ಒಂದು ದಿನ ಕಾಯುತ್ತಾನೆ. ಕಾಯದಿದ್ದರೆ ನಿಮಗೆ ವಿಷಯ ಗೊತ್ತಾಯಿತು.

ಕಾಗದದ ತಲೆಬರಹ ಓದಿಸಿ. "ಹಕ್ಕು ಬಿಡುಗಡೆ ಪತ್ರ" ಅಂತಿದ್ದರೆ, ಅದು ನೋಂದಣಿಯಾದ ಮೇಲೆ ನಿಮ್ಮ ಪಾಲು ಮುಗಿಯಿತು. "ವಿಭಾಗ ಪತ್ರ" ಅಂತಿದ್ದರೆ, ಊರಲ್ಲಿ ವಾಟ್ನಿ ಪತ್ರ ಅನ್ನುತ್ತಾರಲ್ಲ ಅದು, ನಿಮ್ಮ ಹೆಸರಿನ ಮುಂದೆ ಎಷ್ಟು ಗುಂಟೆ, ಯಾವ ದಿಕ್ಕಿಗೆ ಅಂತ ನೋಡಿ. ಅಲ್ಲಿ ಹೊಲದ ಬದಲು ಒಂದು ಮೊತ್ತದ ಹಣ ಬರೆದಿದ್ದರೆ ಆ ಹಣ ನಿಮ್ಮ ಬ್ಯಾಂಕ್ ಖಾತೆಗೆ ಬಂದ ಮೇಲೆಯೇ ಸಹಿ. ಜಿಪಿಎ ಕಾಗದಕ್ಕೆ (ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರವನ್ನು ಬೇರೆಯವರಿಗೆ ಕೊಡುವ ಪತ್ರ), ಖಾಲಿ ಬಾಂಡಿಗೆ, ಬಿಳಿ ಹಾಳೆಗೆ ಎಂದೂ ಬೇಡ. ಓದಲು ಬಾರದ ಅವ್ವನ ಹೆಬ್ಬೆಟ್ಟು ಕೇಳಿದರೆ ನೀವು ಪಕ್ಕದಲ್ಲಿರಿ.

ಮೋಸದಿಂದ ಸಹಿ ಮಾಡಿಸಿಕೊಂಡಿದ್ದರೆ ಆ ಪತ್ರ ರದ್ದು ಮಾಡಿಸಲು ಕೋರ್ಟಿಗೆ ಹೋಗಬಹುದು, ಮೋಸ ಗೊತ್ತಾದ ದಿನದಿಂದ ಮೂರು ವರ್ಷದೊಳಗೆ. ಪಾಲಿನ ದಾವೆಗೆ, ನಿಮಗೆ ಪಾಲಿಲ್ಲ ಅಂತ ಹೊರಗಿಟ್ಟದ್ದು ತಿಳಿದ ದಿನದಿಂದ ಹನ್ನೆರಡು ವರ್ಷ. ಮಕ್ಕಳ ಮದುವೆ ಆಗಲಿ, ಆಮೇಲೆ ನೋಡೋಣ ಅಂತ ತಳ್ಳುತ್ತಾ ಹೋಗಬೇಡಿ.

ಮಾತಿನಲ್ಲಿ ಬಗೆಹರಿಸುವುದು

ಎಲ್ಲ ಮನೆಯೂ ಕೋರ್ಟಿಗೆ ಹೋಗಬೇಕಿಲ್ಲ. ನನ್ನ ತವರು ಮಸ್ಕಿ ಕಡೆ. ನಮ್ಮ ಅಣ್ಣ ಪೌತಿ ಅರ್ಜಿ ತಾನೇ ಬರೆಸಿ, ನನ್ನ ಮತ್ತು ಅಕ್ಕನ ಹೆಸರನ್ನು ತನ್ನ ಹೆಸರಿನ ಜೊತೆಗೇ ಹಾಕಿಸಿದ. ಹೊಲ ಈಗಲೂ ಅವನೇ ಮಾಡುತ್ತಾನೆ, ಸುಗ್ಗಿಗೆ ನಮ್ಮ ಪಾಲಿನ ಜೋಳ ಕಳಿಸುತ್ತಾನೆ. ಪಂಚಮಿಗೆ ಕರೆಯಲು ಬರುವುದನ್ನು ನಿಲ್ಲಿಸಿಲ್ಲ. ಪಾಲು ಕೇಳಿದರೆ ತವರು ತಪ್ಪುತ್ತದೆ ಅನ್ನುವ ಹೆದರಿಕೆ ದೊಡ್ಡದು, ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಅಣ್ಣ-ತಮ್ಮಂದಿರೇ, ಅದನ್ನು ತಪ್ಪಿಸುವುದು ನಿಮ್ಮ ಕೈಯಲ್ಲಿದೆ. ಅಕ್ಕ ಬಾಯಿಬಿಟ್ಟು ಕೇಳುವ ಮುಂಚೆಯೇ ಹೆಸರು ಹಾಕಿಸಿ.

"ಲಗ್ನಕ್ಕ ಖರ್ಚು ಮಾಡೀವಿ, ಬಂಗಾರ ಹಾಕೀವಿ, ಅಲ್ಲಿಗೆ ಮುಗೀತು" ಅಂದರೆ ಸಮಾಧಾನದಿಂದ ಹೇಳಿ: ಮದುವೆಯ ಖರ್ಚು ಗಂಡುಮಕ್ಕಳಿಗೂ ಆಗಿದೆ, ಅವರ ಪಾಲಿನಲ್ಲಿ ಯಾರೂ ಕಳೆದಿಲ್ಲ. ವರದಕ್ಷಿಣೆಯನ್ನು 1961ರಲ್ಲೇ ಕಾನೂನು ನಿಷೇಧಿಸಿದೆ. ಅದನ್ನು ಕೊಟ್ಟು ಪಾಲು ತೀರಿಸಿದೆವು ಅನ್ನಲು ಬರುವುದಿಲ್ಲ.

ಮಾತು ಮುರಿದುಬಿದ್ದರೆ ತಾಲೂಕು ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ವಕೀಲರು ಉಚಿತ. ಫೋನು 15100. ಅಣ್ಣ ಹೊಲ ಮಾರಲು ಹೊರಟಿದ್ದಾನೆ ಅಂತ ಸುಳಿವು ಸಿಕ್ಕರೆ ದಾವೆಯ ಜೊತೆಗೇ ತಡೆಯಾಜ್ಞೆ ಕೇಳಲು ವಕೀಲರಿಗೆ ಹೇಳಿ. ನಾಲೆ ನೀರು ಬರುವ ಹೊಲಕ್ಕೆ ಗಿರಾಕಿ ಬೇಗ ಸಿಗುತ್ತಾರೆ.

ಹೆಸರು ಬಂದ ಮೇಲೆ

ಪೌತಿಯಾದಾಗ ಬರುವುದು ಜಂಟಿ ಖಾತೆ. ನಿಮ್ಮ ಭಾಗ ಬೇರೆಯಾಗಬೇಕೆಂದರೆ 11ಇ ನಕ್ಷೆ, ಅಂದರೆ ನಿಮ್ಮ ಭಾಗವನ್ನು ಅಳೆದು ತೋರಿಸುವ ಸರ್ವೆ ನಕ್ಷೆ, ಮಾಡಿಸಿ, ವಿಭಾಗ ಪತ್ರ ನೋಂದಾಯಿಸಬೇಕು. ಕೃಷಿ ಇಲಾಖೆಯಲ್ಲಿ ಫ್ರೂಟ್ಸ್ ಅನ್ನುವ ರೈತರ ದಾಖಲೆಯಲ್ಲಿ ನೋಂದಣಿ ಮಾಡಿಸಿ, ರೈತರ ಗುರುತಿನ ಸಂಖ್ಯೆಯಾದ ಎಫ್‌ಐಡಿ ಪಡೆಯಿರಿ. ಬೆಳೆ ಹಾನಿ ಪರಿಹಾರ ಬರುವುದು ಅದರ ಮೇಲೆಯೇ. ನಾಲೆಯ ಅಚ್ಚುಕಟ್ಟಿನ ಹೊಲವಾದರೆ ನೀರು ಬಳಕೆದಾರರ ಸಹಕಾರ ಸಂಘದ ಸದಸ್ಯತ್ವವನ್ನೂ ಕೇಳಿ, ಕೊನೇ ಭಾಗದ ರೈತರಿಗೆ ನೀರು ಮುಟ್ಟದ ವರ್ಷ ಸಭೆಯಲ್ಲಿ ಎದ್ದು ಮಾತಾಡಲು ಆ ಸದಸ್ಯತ್ವ ಬೇಕು.

ಕೊನೆಯ ಕೆಲಸ ವಿಲ್. ಮಕ್ಕಳಿಲ್ಲದ ಹೆಣ್ಣುಮಗಳು ವಿಲ್ ಬರೆಯದೆ ತೀರಿಕೊಂಡರೆ, ಅಪ್ಪ-ಅವ್ವನಿಂದ ಬಂದ ಆಸ್ತಿ ಅಪ್ಪನ ವಾರಸುದಾರರಿಗೇ ಮರಳುತ್ತದೆ. ಗಂಡನಿಗೋ, ಸಾಕುಮಗಳಂತೆ ನೋಡಿಕೊಂಡ ಅಕ್ಕನ ಮಗಳಿಗೋ ಸೇರಲಿ ಅಂತ ಮನಸ್ಸಿದ್ದರೆ ಬರೆದಿಡಿ. ವಿಲ್ ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳ ಸಹಿ ಮಾತ್ರ ಬೇಕೇ ಬೇಕು. ನಾನಂತೂ ನೋಂದಣಿ ಮಾಡಿಸಿ ಅಂತಲೇ ಹೇಳುತ್ತೇನೆ.