ಪುಟ್ಟ ಮಕ್ಕಳ ತರಗತಿಯನ್ನು ನಾನು ಜೋಡಿಸಿದ ಬಗೆ

ಮೂರರಿಂದ ಐದು ವರ್ಷದ ಮಕ್ಕಳ ತರಗತಿಯನ್ನು ವಹಿಸಿಕೊಂಡಾಗ ನಾನು ಮೊದಲು ಮಾಡಿದ್ದು ಕೋಣೆಯ ನಕ್ಷೆಯೊಂದನ್ನು ಕಾಗದದ ಮೇಲೆ ಬರೆದುಕೊಂಡು, ಆಟದ ಹೊತ್ತಿನಲ್ಲಿ ಮಕ್ಕಳು ಓಡಾಡುವ ದಾರಿಯನ್ನು ಅದರ ಮೇಲೆ ಪೆನ್ಸಿಲ್ಲಿನಿಂದ ಗುರುತಿಸುತ್ತಾ ಹೋದದ್ದು. ಯಾವ ಮಗು ಎಲ್ಲಿ ಹೆಚ್ಚು ಹೊತ್ತು ಕುಳಿತಿತು, ಜಗಳ ಎಲ್ಲಿ ಹುಟ್ಟಿತು, ಯಾವ ಮೂಲೆಗೆ ಯಾರೂ ಸುಳಿಯಲಿಲ್ಲ ಎಂಬುದನ್ನೂ ಅಲ್ಲಿಯೇ ಬರೆದುಕೊಂಡೆ. ಮಕ್ಕಳ ಸ್ವಭಾವವೆಂದು ದೊಡ್ಡವರು ಹೇಳುತ್ತಿದ್ದ ಹಲವು ತೊಂದರೆಗಳು ಪೀಠೋಪಕರಣಗಳು ಇದ್ದ ಜಾಗದಿಂದಲೇ ಬಂದಿದ್ದವು. ಬಾಗಿಲಿನಿಂದ ಎದುರಿನ ಗೋಡೆಯವರೆಗೆ ಉದ್ದಕ್ಕೂ ಖಾಲಿ ಜಾಗವಿತ್ತು, ಮಕ್ಕಳು ಅಲ್ಲಿ ಓಡುತ್ತಿದ್ದರು. ಮರದ ಬ್ಲಾಕ್‌ಗಳ ಚಾಪೆ ಕೈತೊಳೆಯುವ ತೊಟ್ಟಿಗೆ ಹೋಗುವ ದಾರಿಯಲ್ಲಿತ್ತು, ಹೀಗಾಗಿ ಒಬ್ಬರು ಕಟ್ಟಿದ್ದು ಇನ್ನೊಬ್ಬರ ಕಾಲಿಗೆ ತಗುಲಿ ಬೀಳುತ್ತಿತ್ತು. ‘ಓಡಬೇಡ’ ಎಂದು ದಿನವಿಡೀ ಹೇಳುವುದಕ್ಕಿಂತ ಕಪಾಟನ್ನು ಸರಿಸುವುದು ಸುಲಭವೆಂದು ನನಗೆ ತೋರಿತು.

ಗೋಡೆಗೆ ಒರಗಿದ್ದ ಗಿಡ್ಡ ಕಪಾಟುಗಳನ್ನು ಅಡ್ಡಲಾಗಿ ತಿರುಗಿಸಿ ನಿಲ್ಲಿಸಿ, ಅಲುಗಾಡದಂತೆ ಭದ್ರಪಡಿಸಿದೆವು. ಉದ್ದದ ಓಡುದಾರಿ ತುಂಡಾಗಿ, ಮೂರು ಬದಿ ಆವರಿಸಿದ ಸಣ್ಣ ಆಟದ ಜಾಗಗಳು ಉಂಟಾದವು. ಕಪಾಟುಗಳು ಗಿಡ್ಡವಾಗಿದ್ದುದರಿಂದ ಮಕ್ಕಳಿಗೆ ಮರೆ ಸಿಕ್ಕಿತು, ನಿಂತಿರುವ ಶಿಕ್ಷಕಿಗೆ ಮಾತ್ರ ಇಡೀ ಕೋಣೆ ಕಾಣುತ್ತಿತ್ತು. ನಡುವಿನ ದಾರಿಯನ್ನು ಗಾಲಿಕುರ್ಚಿಯೂ ಸರಾಗವಾಗಿ ಹೋಗುವಷ್ಟು ಅಗಲವಾಗಿ ಬಿಟ್ಟೆವು. ನೀರಾಟ ಮತ್ತು ಬಣ್ಣದ ಕೆಲಸ ತೊಟ್ಟಿಯ ಪಕ್ಕಕ್ಕೆ, ಒರೆಸಲು ಸುಲಭವಾದ ನೆಲಕ್ಕೆ ಹೋದವು. ಪುಸ್ತಕಗಳು ಕಿಟಕಿಯ ಬೆಳಕಿಗೆ, ಗದ್ದಲದಿಂದ ದೂರಕ್ಕೆ ಬಂದವು.

ಬ್ಲಾಕ್‌ಗಳ ಮೂಲೆಗೆ ನಾನು ಹೆಚ್ಚು ಸಮಯ ಕೊಟ್ಟೆ. ಅಮೆರಿಕದ ಶಿಕ್ಷಣತಜ್ಞೆ ಕ್ಯಾರೊಲಿನ್ ಪ್ರ್ಯಾಟ್ 20ನೆಯ ಶತಮಾನದ ಆರಂಭದಲ್ಲಿ ರೂಪಿಸಿದ ಯೂನಿಟ್ ಬ್ಲಾಕ್‌ಗಳಲ್ಲಿ ಮೂಲ ತುಂಡಿನ ದಪ್ಪ, ಅಗಲ, ಉದ್ದಗಳು 1:2:4ರ ಪ್ರಮಾಣದಲ್ಲಿರುತ್ತವೆ. ಎರಡು ಅರ್ಧ ತುಂಡುಗಳು ಸೇರಿದರೆ ಒಂದು ಪೂರ್ಣ ತುಂಡಿನಷ್ಟೇ ಉದ್ದವಾಗುತ್ತವೆ ಎಂಬುದನ್ನು ಮಗು ಯಾರೂ ಹೇಳಿಕೊಡದೆ, ಸೇತುವೆಯ ಒಂದು ಬದಿ ಗಿಡ್ಡವಾದಾಗ ತಾನೇ ಕಂಡುಕೊಳ್ಳುತ್ತದೆ. ಪ್ರತಿಯೊಂದು ಆಕಾರದ ಹೊರಗೆರೆಯನ್ನು ಕಾಗದದಲ್ಲಿ ಕತ್ತರಿಸಿ ಕಪಾಟಿನ ಹಲಗೆಗೆ ಅಂಟಿಸಿದೆವು; ಎತ್ತಿಡುವ ಕೆಲಸವೇ ಆಕಾರಗಳನ್ನು ಹೊಂದಿಸುವ ಆಟವಾಯಿತು. ಕಪಾಟಿನ ಮುಂದೆ ಒಂದು ಹೆಜ್ಜೆಯಷ್ಟು ಜಾಗ ಬಿಟ್ಟು ನೆಲದ ಮೇಲೆ ಬಣ್ಣದ ಟೇಪಿನಿಂದ ಗೆರೆ ಹಾಕಿ, ಅದರಾಚೆಗೆ ಮಾತ್ರ ಕಟ್ಟಬೇಕೆಂದು ತೋರಿಸಿದೆ. ಬ್ಲಾಕ್ ತೆಗೆದುಕೊಳ್ಳಲು ಬಂದವರು ಮತ್ತೊಬ್ಬರ ಗೋಪುರವನ್ನು ಬೀಳಿಸುವುದು ಇದರಿಂದ ಬಹುಮಟ್ಟಿಗೆ ನಿಂತಿತು. ಮನೆಯಾಟದ ಮೂಲೆಯನ್ನು ಇದರ ಪಕ್ಕದಲ್ಲಿಯೇ ಇಟ್ಟೆ. ಎರಡೂ ಗದ್ದಲದ ಆಟಗಳೆಂಬುದು ಒಂದು ಕಾರಣವಾದರೆ, ಮಕ್ಕಳು ಬ್ಲಾಕ್‌ಗಳನ್ನು ಒಯ್ದು ಅಲ್ಲಿ ಮಂಚ, ಒಲೆ, ದೂರವಾಣಿ ಎಂದು ಬಳಸುವುದು ಅದಕ್ಕಿಂತ ದೊಡ್ಡ ಕಾರಣ. ಒಂದು ಮೂಲೆಯ ವಸ್ತು ಇನ್ನೊಂದಕ್ಕೆ ಹೋಗಬಾರದೆಂಬ ನಿಯಮ ಕಪಾಟಿಗೆ ಒಳ್ಳೆಯದಿರಬಹುದು, ಆಟಕ್ಕೆ ಒಳ್ಳೆಯದಲ್ಲ.

ಆಟಿಕೆಗಳಲ್ಲಿ ಹೆಚ್ಚಿನವನ್ನು ಒಳಗಿಟ್ಟು, ಕೆಲವನ್ನು ಮಾತ್ರ ಮಕ್ಕಳ ಕೈಗೆಟಕುವ ತೆರೆದ ಹಲಗೆಗಳ ಮೇಲೆ ಒಂದರಿಂದ ಒಂದು ಬಿಡಿಯಾಗಿ ಇಟ್ಟೆವು. ಎಳೆಯ ಮಕ್ಕಳಿಗಾಗಿ ಮಾತ್ರ ಇದಕ್ಕೆ ಒಂದು ವಿನಾಯಿತಿ ಮಾಡಿದೆ. ಮಕ್ಕಳ ಆಟವನ್ನು ಅಧ್ಯಯನ ಮಾಡಿದ ಅಮೆರಿಕದ ಸಂಶೋಧಕಿ ಮಿಲ್ಡ್ರೆಡ್ ಪಾರ್ಟನ್ 1932ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗುರುತಿಸಿದಂತೆ, ಮಕ್ಕಳು ಜೊತೆಗೂಡಿ ಆಡುವುದಕ್ಕಿಂತ ಮೊದಲು ಪಕ್ಕಪಕ್ಕದಲ್ಲಿ ಕುಳಿತು ಒಂದೇ ಬಗೆಯ ಆಟವನ್ನು ತಮ್ಮಷ್ಟಕ್ಕೆ ಆಡುತ್ತಾರೆ. ಹಾಗೆ ಆಡುವ ಮಕ್ಕಳಿಗೆ ನಾಲ್ಕು ಬಗೆಯ ಲಾರಿಗಳಿಗಿಂತ ಒಂದೇ ಬಗೆಯ ಎರಡು ಲಾರಿಗಳು ಬೇಕು. ಮೂಲೆಗೆ ಇಷ್ಟೇ ಮಂದಿ ಎಂಬ ಸಂಖ್ಯೆಯ ಫಲಕ ನನಗೆ ಹಿಡಿಸಲಿಲ್ಲ, ಏಕೆಂದರೆ ಮಕ್ಕಳು ಆಟವನ್ನು ಬಿಟ್ಟು ಕಾವಲು ಕಾಯಲು ನಿಲ್ಲುತ್ತಾರೆ. ಮೇಜಿನ ಬಳಿ ಮೂರು ಮಣೆಗಳಿದ್ದರೆ ಎಷ್ಟು ಮಂದಿಗೆ ಜಾಗವಿದೆ ಎಂದು ಮಣೆಗಳೇ ಹೇಳುತ್ತವೆ.

ಗೋಡೆಗಳ ವಿಷಯದಲ್ಲಿ ಸ್ವಲ್ಪ ಚರ್ಚೆಯಾಯಿತು. ಅಚ್ಚಾದ ಚಿತ್ರಪಟಗಳನ್ನು ತೆಗೆದು, ಮಕ್ಕಳು ಬರೆದ ಚಿತ್ರಗಳನ್ನು ಅವರ ಕಣ್ಣಿನ ಮಟ್ಟಕ್ಕೆ ಅಂಟಿಸಿ, ಉಳಿದದ್ದನ್ನು ಖಾಲಿ ಬಿಟ್ಟಾಗ ಕೋಣೆ ಕಳೆಗುಂದಿದೆಯೆಂದು ಕೆಲವು ಪೋಷಕರು ಹೇಳಿದರು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಗೋಡೆತುಂಬ ಅಲಂಕರಿಸಿದ ಕೋಣೆಯಲ್ಲಿ ಪಾಠ ಕೇಳಿದ ಪುಟ್ಟ ಮಕ್ಕಳ ಗಮನ ಹೆಚ್ಚು ಚದುರಿತೆಂದೂ ಅವರು ಕಲಿತದ್ದು ಕಡಿಮೆಯೆಂದೂ ಕಂಡುಬಂದಿತ್ತು. ಅದನ್ನು ವಿವರಿಸಿದೆ. ಆದರೂ ಪೋಷಕರನ್ನು ಒಪ್ಪಿಸಿದ್ದು ತಮ್ಮ ಮಕ್ಕಳ ಚಿತ್ರಗಳೇ ಇರಬೇಕು.

ಗುಂಪಿನಿಂದ ಬೇಸತ್ತ ಮಗು ಒಂಟಿಯಾಗಿ ಕೂರಲೆಂದು ಪುಸ್ತಕಗಳ ಹಿಂದೆ ದಿಂಬು ಹಾಕಿದ ಒಂದು ಸಣ್ಣ ಜಾಗವನ್ನೂ ಮಾಡಿದೆವು. ಅದನ್ನು ಶಿಕ್ಷೆಯಾಗಿ ಎಂದೂ ಬಳಸಬಾರದೆಂದು ನನ್ನ ಸಹಶಿಕ್ಷಕಿಯೂ ನಾನೂ ಮೊದಲೇ ಮಾತಾಡಿಕೊಂಡಿದ್ದೆವು.

ಬದಲಾವಣೆಗಳನ್ನು ಒಟ್ಟಿಗೇ ಮಾಡಲಿಲ್ಲ. ಒಂದನ್ನು ಮಾಡಿ, ಮತ್ತೆ ನಕ್ಷೆ ಬರೆದು, ಗೆರೆಗಳು ಎತ್ತ ಸರಿದವೆಂದು ನೋಡಿ ಮುಂದುವರಿದೆ. ಬರೆಯುವ ಮೇಜಿನ ಕಡೆ ಗೆರೆಗಳು ಬಹಳ ವಿರಳವಾಗಿಯೇ ಉಳಿದಾಗ, ಅಲ್ಲಿದ್ದ ಕಾಗದ, ಪೆನ್ಸಿಲ್ಲುಗಳನ್ನು ಎಲ್ಲ ಮೂಲೆಗಳಿಗೂ ಹಂಚಿಬಿಟ್ಟೆ. ಮನೆಯಾಟದಲ್ಲಿ ಔಷಧಿಯ ಚೀಟಿಗಳು, ಬ್ಲಾಕ್‌ಗಳ ನಡುವೆ ‘ಮುಟ್ಟಬೇಡಿ’ ಎಂಬ ಅರ್ಥದ ಗೀಚುಗಳು ಕಾಣಿಸಿಕೊಂಡವು. ಮರಳಿನ ತೊಟ್ಟಿಗೆ ಮಾತ್ರ ಇನ್ನೂ ಸರಿಯಾದ ಜಾಗ ದೊರೆತಿಲ್ಲ. ನೀರಿನ ಬಳಿ ಇಟ್ಟರೆ ಮರಳು ಚರಂಡಿಗೆ ಸೇರಿ ಕಟ್ಟಿಕೊಳ್ಳುತ್ತದೆ, ದೂರ ಇಟ್ಟರೆ ಮಕ್ಕಳು ನೀರನ್ನು ಕೋಣೆಯುದ್ದಕ್ಕೂ ಚೆಲ್ಲುತ್ತಾ ಹೊತ್ತೊಯ್ಯುತ್ತಾರೆ. ಸದ್ಯಕ್ಕೆ ಅದನ್ನು ಹೊರಜಗುಲಿಯಲ್ಲಿ ಇಟ್ಟು, ಹೊಸ ನಕ್ಷೆಯೊಂದನ್ನು ಬರೆಯುತ್ತಿದ್ದೇನೆ.