ಬರೆಯೋಕೆ ಮನಸ್ಸೇ ಬರ್ತಿಲ್ಲವಾ? ಮತ್ತೆ ಪೆನ್ನು ಹಿಡಿಯುವುದು ಹೀಗೆ

ಕಥೆಯ ಆ್ಯಪ್‌ಗಳಲ್ಲಿ ಇದು ಆಗಾಗ ಕಾಣುವ ಸಂಗತಿ. ವಾರಕ್ಕೆ ಮೂರ್ನಾಲ್ಕು ಕಂತು ಹಾಕುತ್ತಿದ್ದವರು ಇದ್ದಕ್ಕಿದ್ದಂತೆ ಮಾಯವಾಗುತ್ತಾರೆ. ಕಥೆ ಅರ್ಧಕ್ಕೇ ನಿಂತಿರುತ್ತದೆ, ಕೆಳಗೆ ಓದುಗರು "ಮುಂದಿನ ಭಾಗ ಯಾವಾಗ ಅಕ್ಕಾ?" ಎಂದು ಕೇಳುತ್ತಲೇ ಇರುತ್ತಾರೆ, ಅಕ್ಕ ಮಾತ್ರ ಆ ಕಡೆ ತಲೆ ಹಾಕುವುದನ್ನೇ ಬಿಟ್ಟಿರುತ್ತಾರೆ. ದಿನಕ್ಕೊಂದು ಕವಿತೆ ಬರೆಯುತ್ತಿದ್ದವರು, ದೀಪಾವಳಿ ವಿಶೇಷಾಂಕದ ಸ್ಪರ್ಧೆಗೆ ವರ್ಷ ತಪ್ಪದೆ ಕಥೆ ಕಳಿಸುತ್ತಿದ್ದವರು, ಎಲ್ಲರೂ ಹೇಳುವುದು ಒಂದೇ: "ಸಾಕಾಗಿ ಹೋಗಿದೆ. ಕೂತರೆ ಏನೂ ಹೊಳೆಯಲ್ಲ."

ಇಂಥವರಿಗೆ ಸಿಗುವ ಸಲಹೆ ಹೆಚ್ಚಾಗಿ ಶಿಸ್ತಿನದು. ಬೆಳಗ್ಗೆ ಐದಕ್ಕೆ ಏಳಿ, ದಿನಾ ಸಾವಿರ ಪದ ಬರೆಯಿರಿ ಅಂತ. ನನಗೆ ಇದು ಪೂರ್ತಿ ತಪ್ಪು ಅನಿಸುತ್ತದೆ. ವರ್ಷಗಟ್ಟಲೆ ಕಂತು ತಪ್ಪಿಸದೆ ಬರೆದವರಿಗೆ ಶಿಸ್ತು ಕಡಿಮೆಯಾಗಿರಲು ಸಾಧ್ಯವೇ ಇಲ್ಲ. ಖುಷಿಗೆ ಅಂತ ಶುರುವಾದದ್ದಕ್ಕೆ ನೌಕರಿಯ ಎಲ್ಲ ಕಟ್ಟುಪಾಡೂ ಬಂದು ಅಂಟಿಕೊಂಡಿದೆ: ಗಡುವು, ಲೆಕ್ಕ, ರೇಟಿಂಗ್, ಯಾರಿಗೋ ಜವಾಬು ಕೊಡುವುದು. ಸಂಬಳ ಒಂದು ಬಿಟ್ಟು ಎಲ್ಲವೂ ಇದೆ! ಅವನ್ನು ಒಂದೊಂದಾಗಿ ಬಿಡಿಸಿಕೊಳ್ಳಬೇಕು. ಅದಕ್ಕೊಂದು ಕ್ರಮ ಇದೆ.

ಮೊದಲು, ಯಾವ ಸುಸ್ತು ಅಂತ ನೋಡಿ

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅಂದರೆ ಏನು ಎಂದು ವಿವರಿಸಿತು. ಅದನ್ನು ಕಾಯಿಲೆ ಎಂದು ಕರೆಯಲಿಲ್ಲ. ಕೆಲಸದ ಒತ್ತಡವನ್ನು ಸರಿಯಾಗಿ ನಿಭಾಯಿಸಲಾಗದೆ ಅದು ಬಹಳ ಕಾಲ ಹಾಗೇ ಉಳಿದಾಗ ಬರುವ ಸ್ಥಿತಿ ಎಂದಿತು. ಮೂರು ಲಕ್ಷಣ ಹೇಳಿತು: ತ್ರಾಣವೇ ಉಳಿಯದಿರುವುದು, ಮಾಡುವ ಕೆಲಸದ ಮೇಲೆ ತಾತ್ಸಾರ ಬರುವುದು, ನನ್ನ ಕೈಲಿ ಏನೂ ಆಗುತ್ತಿಲ್ಲ ಅನಿಸುವುದು. ಅವರು ಹೇಳಿದ್ದು ನೌಕರಿಯ ಬಗ್ಗೆ. ಆದರೆ ಬರೆಯುವವರಿಗೆ ಈ ಮೂರೂ ಚೆನ್ನಾಗಿ ಗೊತ್ತು. ಒಂದು ಪ್ಯಾರಾ ಬರೆಯುವಷ್ಟರಲ್ಲಿ ಕಣ್ಣು ಎಳೆಯುತ್ತದೆ, ಬೇರೆಯವರ ಕಥೆ ಓದಿದರೆ "ಇದೇನು ಮಹಾ" ಅನಿಸುತ್ತದೆ, ತಮ್ಮದೇ ಹಳೆಯ ಕಥೆ ತೆಗೆದರೆ ಬರೆದದ್ದು ಬೇರೆ ಯಾರೋ ಅನಿಸುತ್ತದೆ.

ಈಗ ನಿಮ್ಮನ್ನೇ ಕೇಳಿಕೊಳ್ಳಿ: ಬರವಣಿಗೆ ಒಂದೇ ಬೇಡವಾಗಿದೆಯಾ, ಇಲ್ಲಾ ಎಲ್ಲವೂ ಬೇಡವಾಗಿದೆಯಾ? ಗೆಳೆಯರ ಜೊತೆ ಹರಟೆ, ಒಳ್ಳೆಯ ಊಟ, ಕ್ರಿಕೆಟ್ಟು, ಹಾಡು, ಯಾವುದೂ ಹಿಡಿಸದೆ ಎರಡು ವಾರಕ್ಕಿಂತ ಜಾಸ್ತಿ ಆಗಿದ್ದರೆ, ನಿದ್ದೆ ಊಟ ಏರುಪೇರಾಗಿದ್ದರೆ, ಅದು ಬರವಣಿಗೆಯ ಸುಸ್ತು ಅಂದುಕೊಂಡು ಕೂರಬೇಡಿ. ಖಿನ್ನತೆ ಇರಬಹುದು, ವೈದ್ಯರನ್ನು ನೋಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಗೆ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಸಿಗುತ್ತಾರೆ.

ಬರವಣಿಗೆ ಒಂದೇ ಬೇಡವಾಗಿದೆ ಅನ್ನುವವರು ಮುಂದೆ ಓದಿ.

ನಿಲ್ಲಿಸಿ. ಆದರೆ ಹೇಳಿ ನಿಲ್ಲಿಸಿ

ಹೆಚ್ಚಿನವರು ನಿಲ್ಲಿಸುವುದೇ ಇಲ್ಲ, ಸುಮ್ನೆ ಮುಂದೂಡುತ್ತಿರುತ್ತಾರೆ. ಇವತ್ತು ಆಗಲಿಲ್ಲ, ನಾಳೆ ಬರೆದರಾಯಿತು ಅಂತ. ಇದರಿಂದ ವಿಶ್ರಾಂತಿಯೂ ಸಿಗುವುದಿಲ್ಲ, ಬರವಣಿಗೆಯೂ ಆಗುವುದಿಲ್ಲ, ಉಳಿಯುವುದು ತಪ್ಪು ಮಾಡುತ್ತಿದ್ದೇನೆ ಅನ್ನುವ ಭಾವನೆ ಮಾತ್ರ. ಅದಕ್ಕೇ ಬಾಯಿಬಿಟ್ಟು ಹೇಳಬೇಕು. ಧಾರಾವಾಹಿ ಬರೆಯುತ್ತಿದ್ದರೆ ಓದುಗರಿಗೆ ಎರಡು ಸಾಲು ಹಾಕಿ: "ಈ ಕಥೆಯನ್ನು ಸದ್ಯಕ್ಕೆ ಇಲ್ಲಿಗೆ ನಿಲ್ಲಿಸುತ್ತಿದ್ದೇನೆ. ಮುಂದುವರಿಸಿದರೆ ಖಂಡಿತ ತಿಳಿಸುತ್ತೇನೆ. ಇಲ್ಲಿಯವರೆಗೆ ಓದಿದ್ದಕ್ಕೆ ಥ್ಯಾಂಕ್ಸ್." ಇಷ್ಟೇ ಸಾಕು. ಕಾರಣ ಕೊಡಬೇಕಿಲ್ಲ. ತಾರೀಖಂತೂ ಕೊಡಲೇಬೇಡಿ, ಕೊಟ್ಟರೆ ಅದೂ ಒಂದು ಗಡುವೇ.

ಆಮೇಲೆ ಆ ಆ್ಯಪ್‌ನ ನೋಟಿಫಿಕೇಶನ್ ಆಫ್ ಮಾಡಿ. ಎಷ್ಟು ಜನ ಓದಿದರು, ಎಷ್ಟು ಸ್ಟಾರ್ ಬಂತು ಎಂದು ನೋಡುವ ಅಭ್ಯಾಸ ಬಿಡಿ. ಇದು ಸಣ್ಣ ವಿಷಯ ಅಲ್ಲ. 1973ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಕ್ ಲೆಪ್ಪರ್ ಮತ್ತು ಜೊತೆಗಾರರು ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಶಿಶುವಿಹಾರದಲ್ಲಿ ಚಿತ್ರ ಬಿಡಿಸುವುದೆಂದರೆ ಇಷ್ಟ ಇದ್ದ ಪುಟ್ಟ ಮಕ್ಕಳನ್ನೇ ಆರಿಸಿಕೊಂಡಿದ್ದರು. ಕೆಲವರಿಗೆ ಮೊದಲೇ "ಬಿಡಿಸಿದರೆ ಪ್ರಶಸ್ತಿ ಪತ್ರ ಕೊಡುತ್ತೇವೆ" ಎಂದರು. ಕೆಲವರಿಗೆ ಏನೂ ಹೇಳದೆ, ಬಿಡಿಸಿದ ಮೇಲೆ ಕೊಟ್ಟರು. ಉಳಿದವರಿಗೆ ಏನೂ ಇಲ್ಲ. ಒಂದೆರಡು ವಾರದ ನಂತರ, ಮಕ್ಕಳು ಚಿತ್ರ ಬಿಡಿಸಿದ್ದ ಬಣ್ಣದ ಪೆನ್ನುಗಳನ್ನೇ ತರಗತಿಯಲ್ಲಿ ಇಟ್ಟು ಸುಮ್ಮನೆ ಗಮನಿಸಿದರು. ಪ್ರಶಸ್ತಿಗೆ ಅಂತ ಬಿಡಿಸಿದ ಮಕ್ಕಳು ಉಳಿದವರ ಹೆಚ್ಚುಕಡಿಮೆ ಅರ್ಧದಷ್ಟು ಹೊತ್ತು ಮಾತ್ರ ಚಿತ್ರದ ಕಡೆ ಹೋದರು. ಅನಿರೀಕ್ಷಿತವಾಗಿ ಪ್ರಶಸ್ತಿ ಸಿಕ್ಕ ಮಕ್ಕಳ ಆಸಕ್ತಿ ಕುಂದಿರಲಿಲ್ಲ. ಅಂದರೆ ಸಿಕ್ಕ ಬಹುಮಾನ ತೊಂದರೆ ಕೊಡಲಿಲ್ಲ, ಬಹುಮಾನಕ್ಕೆ ಅಂತ ಮಾಡಿದ್ದು ತೊಂದರೆ ಕೊಟ್ಟಿತು. ಪ್ರತಿ ಕಂತಿಗೂ ರೇಟಿಂಗ್ ನೋಡಿ ನೋಡಿ ಬರೆದವರಿಗೆ ಏನಾಗಿರಬಹುದು ಎಂದು ಯೋಚಿಸಿ.

ಎಷ್ಟು ದಿನ ನಿಲ್ಲಿಸಬೇಕು? ನಿಯಮ ಇಲ್ಲ. ಬಸ್ಸಿನಲ್ಲಿ ಯಾರದೋ ಮಾತು ಕಿವಿಗೆ ಬಿದ್ದು "ಇದನ್ನು ಬರೆದಿಡಬೇಕಿತ್ತು" ಅನಿಸಿದ ದಿನ ವಿಶ್ರಾಂತಿ ಸಾಕಾಗಿದೆ ಅಂತ ಲೆಕ್ಕ.

ಓದುಗರಾಗಿ ಸ್ವಲ್ಪ ದಿನ ಇರಿ

ನೀವು ಬರೆಯುವ ಪ್ರಕಾರವನ್ನು ಮಾತ್ರ ಓದಬೇಡಿ. ಪ್ರೇಮಕಥೆ ಬರೆಯುವವರು ಪ್ರವಾಸ ಕಥನವನ್ನೋ, ಕೃಷಿ ಪುಟವನ್ನೋ, ಯಾರದಾದರೂ ಆತ್ಮಕಥೆಯನ್ನೋ ಹಿಡಿಯಲಿ. ಊರಿನ ಗ್ರಂಥಾಲಯದಲ್ಲಿ ಹಳೆಯ ವಾರಪತ್ರಿಕೆ ಸಿಕ್ಕರೆ ಇನ್ನೂ ಒಳ್ಳೆಯದು. ಹಿಡಿಸದ ಪುಸ್ತಕವನ್ನು ಅರ್ಧಕ್ಕೆ ಬಿಡಿ. ಓದುವುದೂ ಆಗದಿದ್ದರೆ ಕೇಳಿ: ತಾಳಮದ್ದಳೆ, ರೇಡಿಯೊ, ಮನೆಯಲ್ಲಿ ಹಿರಿಯರ ಮಾತು.

ಯಾರಿಗೂ ತೋರಿಸದ ನೋಟ್‌ಬುಕ್

ಈಗ ಮುಖ್ಯ ಕೆಲಸ. ಒಂದು ಸಾದಾ ರೂಲ್ಡ್ ನೋಟ್‌ಬುಕ್ ತನ್ನಿ, ಮಕ್ಕಳು ಶಾಲೆಗೆ ಒಯ್ಯುವಂಥದ್ದು. ದುಬಾರಿ ಡೈರಿ ಬೇಡ, ಅದರಲ್ಲಿ ಚೆನ್ನಾಗಿರುವುದನ್ನೇ ಬರೆಯಬೇಕು ಅನಿಸಿಬಿಡುತ್ತದೆ. ಫೋನೂ ಬೇಡ. ಫೋನಿನಲ್ಲಿ ಬರೆದದ್ದು ಒಂದು ಒತ್ತಿಗೆ ಊರಿಗೆಲ್ಲ ಹೋಗುತ್ತದೆ, ಮನಸ್ಸಿಗೆ ಅದು ಗೊತ್ತಿರುತ್ತದೆ. ಈ ನೋಟ್‌ಬುಕ್ಕನ್ನು ಯಾರಿಗೂ ತೋರಿಸುವುದಿಲ್ಲ ಎಂದು ಮೊದಲೇ ತೀರ್ಮಾನ ಮಾಡಿ. ದಿನಕ್ಕೆ ಹತ್ತು ನಿಮಿಷ, ಒಂದು ದಿನ ತಪ್ಪಿದರೆ ತಪ್ಪಿತು, ಮರುದಿನ ಇಪ್ಪತ್ತು ಮಾಡಬೇಕಿಲ್ಲ.

ಏನು ಬರೆಯುವುದು? ಕಥೆ ಬೇಡ. ಅವತ್ತು ಕಣ್ಣಿಗೆ ಬಿದ್ದದ್ದನ್ನು ಬರೆಯಿರಿ, ಅಭಿಪ್ರಾಯ ಬೆರೆಸದೆ. ಮಾರ್ಕೆಟ್ಟಿನಲ್ಲಿ ಹೂವು ಕೊಳ್ಳುವುದನ್ನೇ ತೆಗೆದುಕೊಳ್ಳಿ. ಹೀಗೆ:

"ಹೂವಿನಮ್ಮ ಮೊಳ ಹಾಕುತ್ತಾಳೆ. ಬೆರಳ ತುದಿಯಿಂದ ಮೊಣಕೈವರೆಗೆ. ಹಸಿರು ಬಳೆ ಅಡ್ಡ ಬರುತ್ತದೆ, ಮೇಲಕ್ಕೆ ತಳ್ಳಿಕೊಳ್ಳುತ್ತಾಳೆ. ಎರಡನೇ ಮೊಳ ಸ್ವಲ್ಪ ಕುಗ್ಗಿತು. ಕೊಳ್ಳುವವಳು ನೋಡಿದಳು, ಏನೂ ಅನ್ನಲಿಲ್ಲ. ಎಲೆಯಲ್ಲಿ ಕಟ್ಟಿದ ಮೇಲೆ ಹೂವಿನಮ್ಮ ಒಂದು ತುಂಡು ಕನಕಾಂಬರ ಕತ್ತರಿಸಿ ಮೇಲಿಟ್ಟಳು."

ಇಲ್ಲಿ ಉಪಮೆ ಇಲ್ಲ, ಭಾವನೆಯ ಮಾತಿಲ್ಲ. ಆದರೂ ಇಬ್ಬರು ಹೆಂಗಸರ ನಡುವೆ ಏನೋ ನಡೆದಿದೆ, ಅಲ್ವಾ? ಅದನ್ನು ಕಥೆ ಮಾಡುವ ಆಸೆ ಆಗುತ್ತದೆ. ಆಗಲಿ, ಆದರೆ ಆವತ್ತೇ ಮಾಡಬೇಡಿ. ಇಂಥ ಪುಟಗಳು ಸುಮಾರಷ್ಟು ಸೇರಲಿ. ದಣಿದ ಮನಸ್ಸಿಗೆ ಕಲ್ಪಿಸಿಕೊಳ್ಳುವುದು ಭಾರ, ನೋಡುವುದು ಹಗುರ. ಅದಕ್ಕೇ ನೋಡುವುದರಿಂದ ಶುರು ಮಾಡಿ ಅಂತ ಹೇಳುತ್ತಿರುವುದು.

ಇನ್ನೊಂದು ಮಾತು. ಈ ನೋಟ್‌ಬುಕ್ಕಿನಲ್ಲಿ ಮನೆಮಾತಿನಲ್ಲೇ ಬರೆಯಿರಿ. ಧಾರವಾಡದ ಮಾತಾದರೆ ಹಾಗೆ, ಕುಂದಾಪುರದ್ದಾದರೆ ಹಾಗೆ, ಹವ್ಯಕವೋ ಅರೆಭಾಷೆಯೋ ಆದರೆ ಹಾಗೆ. ನಮ್ಮಲ್ಲಿ ಎಷ್ಟೋ ಜನ ಬರೆಯಲು ಕೂತ ಕೂಡಲೇ ಪುಸ್ತಕದ ಕನ್ನಡಕ್ಕೆ ಹೊರಳುತ್ತಾರೆ. ಅಲ್ಲೇ ಅರ್ಧ ಶಕ್ತಿ ಖರ್ಚಾಗುತ್ತದೆ. ಅಮ್ಮನ ಬಾಯಲ್ಲಿ ಬಂದದ್ದನ್ನು ಅಮ್ಮನ ಬಾಯಲ್ಲಿ ಬಂದ ಹಾಗೇ ಬರೆದುಕೊಂಡರೆ ಕೈ ತಡವರಿಸುವುದಿಲ್ಲ.

ಗದ್ಯ ಬೇಡ ಅನಿಸಿದ ದಿನ ಚುಟುಕ ಬರೆಯಿರಿ. ನಾಲ್ಕೇ ಸಾಲು, ಒಂದು ಪ್ರಾಸ. ಇದನ್ನು ಕನ್ನಡದಲ್ಲಿ ಮನೆಮಾತು ಮಾಡಿದ ದಿನಕರ ದೇಸಾಯಿ ರೈತರ ಹೋರಾಟ, ಶಾಲೆ ಕಟ್ಟುವುದು, ಚುನಾವಣೆ ಎಲ್ಲದರ ನಡುವೆ ಬರೆದವರು, 1967ರಲ್ಲಿ ಲೋಕಸಭೆಗೂ ಹೋದವರು. ಬಿಡುವಿಲ್ಲದವರಿಗೆ ಇದಕ್ಕಿಂತ ಒಳ್ಳೆಯ ಅಳತೆ ಬೇರೆ ಇಲ್ಲ. ಬೇಳೆ ಬೇಯುವಷ್ಟರಲ್ಲಿ ಒಂದು ಮುಗಿಯುತ್ತದೆ, ಮುಗಿಸಿದ ಖುಷಿಯೂ ಸಿಗುತ್ತದೆ. ಅರ್ಧಕ್ಕೆ ನಿಲ್ಲಿಸಿ ನಿಲ್ಲಿಸಿ ಬೇಸತ್ತವರಿಗೆ ಆ ಖುಷಿ ಬೇಕು.

ಮನಸ್ಸಿನೊಳಗೆ ಏನೋ ಕೂತು ಬೇರೆ ಏನನ್ನೂ ಬರೆಯಲು ಬಿಡುತ್ತಿಲ್ಲ ಅನ್ನುವವರು ಅದನ್ನೇ ಮೊದಲು ಬರೆದು ನೋಡಬಹುದು. ಜೇಮ್ಸ್ ಪೆನ್ನೆಬೇಕರ್ ಎಂಬ ಮನಶ್ಶಾಸ್ತ್ರಜ್ಞರ 1986ರ ಅಧ್ಯಯನದಲ್ಲಿ ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮಗಾದ ದೊಡ್ಡ ನೋವನ್ನು ಬರೆದರು. ಬರೆದ ಕೂಡಲೇ ಮನಸ್ಸು ಇನ್ನಷ್ಟು ಕುಗ್ಗಿತು, ಆದರೆ ಮುಂದಿನ ತಿಂಗಳುಗಳಲ್ಲಿ ನಡೆದದ್ದನ್ನೂ ಅನಿಸಿದ್ದನ್ನೂ ಎರಡನ್ನೂ ಬರೆದವರು ವೈದ್ಯರ ಬಳಿ ಹೋಗುವುದು ಕಡಿಮೆಯಾಯಿತು. ನಂತರದ ಅಧ್ಯಯನಗಳಲ್ಲಿ ಫಲ ಅಷ್ಟು ದೊಡ್ಡದಾಗಿ ಕಂಡಿಲ್ಲ. ಹಾಗಾಗಿ ಇದು ಎಲ್ಲರಿಗೂ ಬೇಡ. ಬರೆಯುತ್ತಾ ತಡೆದುಕೊಳ್ಳಲು ಆಗದಿದ್ದರೆ ಅಲ್ಲೇ ನಿಲ್ಲಿಸಿ, ಬೇಕಾದರೆ ಆ ಹಾಳೆ ಹರಿದುಹಾಕಿ.

ಹೊತ್ತು ಎಲ್ಲಿಂದ ತರುವುದು

ನೌಕರಿ ಬಿಟ್ಟರೆ ಮಾತ್ರ ಬರೆಯಬಹುದು ಅಂದುಕೊಳ್ಳಬೇಡಿ. ಮಾಸ್ತಿ ಮೈಸೂರು ಸರ್ಕಾರದ ಅಧಿಕಾರಿಯಾಗಿದ್ದುಕೊಂಡೇ ಕಥೆ ಬರೆದರು. ಯಶವಂತ ಚಿತ್ತಾಲರು ಮುಂಬೈಯಲ್ಲಿ ಪ್ಲಾಸ್ಟಿಕ್ ಉದ್ಯಮದಲ್ಲಿ ದುಡಿಯುತ್ತಾ ಬರೆದರು. ಬರವಣಿಗೆಯಿಂದ ಮನೆ ನಡೆಯಬೇಕಿಲ್ಲ ಅನ್ನುವುದೇ ಒಂದು ಸ್ವಾತಂತ್ರ್ಯ. ಆದರೆ ನಿಮ್ಮ ನೌಕರಿಯೇ ಬರೆಯುವುದಾಗಿದ್ದರೆ, ಜಾಹೀರಾತೋ ಸುದ್ದಿಯೋ ಅನುವಾದವೋ ಏನೇ ಆಗಿರಲಿ, ಜಾಗ ಬದಲಿಸಿ. ಆಫೀಸಿನ ಲ್ಯಾಪ್‌ಟಾಪ್ ಬೇಡ, ಆಫೀಸಿನ ಕುರ್ಚಿ ಬೇಡ, ಕೆಲಸ ಮುಗಿದ ಕೂಡಲೇ ಕೂರುವುದೂ ಬೇಡ. ನಡುವೆ ಒಂದು ವಾಕಿಂಗ್ ಇರಲಿ. ಹತ್ತು ನಿಮಿಷ ಮುಗಿದಾಗ ಇನ್ನೂ ಬರೆಯುವ ಹುಮ್ಮಸ್ಸು ಇದ್ದರೂ ಶುರುವಿನ ವಾರಗಳಲ್ಲಿ ಎದ್ದುಬಿಡಿ. ಒಂದೇ ರಾತ್ರಿ ಮೂರು ಗಂಟೆ ಬರೆದು ಆಮೇಲೆ ತಿಂಗಳುಗಟ್ಟಲೆ ಆ ಕಡೆ ತಿರುಗದವರನ್ನು ತುಂಬಾ ನೋಡಿದ್ದೇನೆ.

ಅರ್ಧಕ್ಕೆ ನಿಂತ ಕಥೆ ಏನು ಮಾಡುವುದು

ಅದರಿಂದ ಮಾತ್ರ ಶುರು ಮಾಡಬೇಡಿ. ನಿಮ್ಮನ್ನು ಸುಸ್ತು ಮಾಡಿದ್ದೇ ಅದು. ನೋಟ್‌ಬುಕ್ ಅರ್ಧದಷ್ಟಾದರೂ ತುಂಬಿದ ಮೇಲೆ ಒಂದು ದಿನ ಹಳೆಯ ಕಥೆಯನ್ನು ಓದುಗರ ಹಾಗೆ ಓದಿ, ತಿದ್ದಲು ಪೆನ್ನು ಹಿಡಿಯದೆ. ಮುಂದೇನಾಯಿತು ಅಂತ ನಿಮಗೇ ಕುತೂಹಲ ಇದ್ದರೆ ಮುಂದುವರಿಸಿ. ಇಲ್ಲದಿದ್ದರೆ ನಲವತ್ತು ಕಂತು ಎಳೆಯುವ ಬದಲು ಎರಡು ಪುಟದಲ್ಲಿ ಮುಗಿಸಿ. ಅದೂ ಬೇಡವಾದರೆ ಅದರಲ್ಲಿ ನಿಮಗೆ ಇಷ್ಟವಾದ ಒಬ್ಬ ಅತ್ತೆಯನ್ನೋ, ಆಟೊ ಓಡಿಸುವ ಹುಡುಗನನ್ನೋ ಎತ್ತಿ ಹೊಸ ಸಣ್ಣ ಕಥೆಯಲ್ಲಿ ಕೂರಿಸಿ. ಓದುಗರು ಬೈಯಬಹುದು. ಆದರೆ ಕಥೆ ನಿಮ್ಮದು.

ಮತ್ತೆ ತೋರಿಸುವಾಗ

ಮೊದಲು ಒಬ್ಬರಿಗೇ ತೋರಿಸಿ. ನಿಮ್ಮ ಮನಸ್ಸು ನೋಯಿಸಲು ಹೆದರುವವರೂ ಬೇಡ, ತಪ್ಪು ಹುಡುಕಲೆಂದೇ ಕೂರುವವರೂ ಬೇಡ. "ಹೇಗಿದೆ?" ಎಂದು ಕೇಳಿದರೆ "ಚೆನ್ನಾಗಿದೆ" ಅಂತಾರೆ, ಅಲ್ಲಿಗೆ ಮುಗಿಯಿತು. "ಎಲ್ಲಿ ಬೋರಾಯಿತು? ಯಾವ ಜಾಗ ನೆನಪಲ್ಲಿ ಉಳಿಯಿತು?" ಎಂದು ಕೇಳಿ. ಈ ಎರಡು ಪ್ರಶ್ನೆಗೆ ಉತ್ತರ ಸಿಕ್ಕರೆ ತಿದ್ದಲು ಬೇಕಾದಷ್ಟು ಸಿಕ್ಕ ಹಾಗೆ.

ಸ್ಪರ್ಧೆಯ ಪ್ರಕಟಣೆ ಬಂದಾಗ ಅದಕ್ಕೆಂದೇ ಹೊಸ ಕಥೆ ಬರೆಯಲು ಕೂರಬೇಡಿ, ಕನಿಷ್ಠ ಮೊದಲ ವರ್ಷ. ಬರೆದದ್ದು ಮೊದಲೇ ಕೈಯಲ್ಲಿದ್ದರೆ, ಪದಮಿತಿಗೆ ಹೊಂದಿದರೆ ಕಳಿಸಿ. ಇಲ್ಲದಿದ್ದರೆ ಆ ವರ್ಷ ಬಿಟ್ಟುಬಿಡಿ, ವಿಶೇಷಾಂಕ ಮುಂದಿನ ವರ್ಷವೂ ಬರುತ್ತದೆ. ಧಾರಾವಾಹಿಗೆ ಮರಳುವ ಆಸೆ ಇದ್ದರೆ ಕಥೆ ಪೂರ್ತಿ ಬರೆದು ಮುಗಿಸಿಕೊಂಡ ಮೇಲೆ ಮೊದಲ ಕಂತು ಹಾಕಿ. ಆಗ "ಮುಂದಿನ ಭಾಗ ಯಾವಾಗ?" ಎಂದು ಯಾರಾದರೂ ಕೇಳಿದರೆ ನಿಜವಾದ ತಾರೀಖನ್ನೇ ಹೇಳಬಹುದು.