ಮನೆಯಲ್ಲೇ ಕೊರಿಯಾದ ಸುರುಳಿ ಆಮ್ಲೆಟ್

ಕೊರಿಯನ್ನರು ಅನ್ನದ ಜೊತೆಗೆ ಬಡಿಸುವ ಗ್ಯೆರನ್‌ಮರಿ ಎಂಬ ಸುರುಳಿ ಆಮ್ಲೆಟ್‌ಗೆ ಬೇಕಾದುದೆಲ್ಲವೂ ಬೆಂಗಳೂರಿನ ಬಡಾವಣೆಯ ಅಂಗಡಿಗಳಲ್ಲೇ ಸಿಗುತ್ತದೆ. 4 ಮೊಟ್ಟೆಗಳಿಗೆ ಕಾಲು ಚಮಚ ಉಪ್ಪು ಹಾಕಿ, ನೊರೆ ಬಾರದಂತೆ ಕಲಕಿ, ಕ್ಯಾರೆಟ್ ಮತ್ತು ಈರುಳ್ಳಿ ಸೊಪ್ಪನ್ನು ಬಹಳ ಸಣ್ಣಗೆ ಹೆಚ್ಚಿ ಬೆರೆಸಿ. ಹೋಳು ದಪ್ಪವಾದರೆ ಸುರುಳಿ ಹರಿಯುತ್ತದೆ.

ಉರಿಯ ವಿಷಯದಲ್ಲಿ ಮಾತ್ರ ಅವಸರ ಸಲ್ಲದು, ದೋಸೆಗೆ ಕಾಯಿಸುವಷ್ಟು ಕಾವು ಇದಕ್ಕೆ ಬೇಡವೇ ಬೇಡ. ನಾನ್‌ಸ್ಟಿಕ್ ಬಾಣಲೆಗೆ ತೆಳುವಾಗಿ ಎಣ್ಣೆ ಸವರಿ, ಸಣ್ಣ ಉರಿಯಲ್ಲಿ ಮಿಶ್ರಣದ ಮೂರನೇ ಒಂದು ಭಾಗವನ್ನು ಹರಡಿ, ಮೇಲ್ಭಾಗ ಇನ್ನೂ ತುಸು ಹಸಿಯಾಗಿರುವಾಗಲೇ ಒಂದು ಅಂಚಿನಿಂದ ಸುತ್ತುತ್ತ ಬನ್ನಿ, ಏಕೆಂದರೆ ಆ ಹಸಿತನವೇ ಪದರಗಳನ್ನು ಅಂಟಿಸುತ್ತದೆ. ಸುರುಳಿಯನ್ನು ಬದಿಗೆ ಸರಿಸಿ, ಉಳಿದ ಮಿಶ್ರಣವನ್ನು ಎರಡು ಸಲ ಅದರ ಅಡಿಗೂ ಹರಿಯುವಂತೆ ಸುರಿದು, ಹೀಗೆಯೇ ಸುತ್ತಿ. 5 ನಿಮಿಷ ಆರಿದ ಮೇಲೆ ಬೆರಳಗಲದ ತುಂಡುಗಳಾಗಿ ಕತ್ತರಿಸಿ. ಆಫೀಸಿನ ಬುತ್ತಿಗೂ ಇದು ಚೆನ್ನಾಗಿ ಒಪ್ಪುತ್ತದೆ.